ನಿತ್ಯಪುಷ್ಪವೂ ರಕ್ತನಾಳಗಳೂ

ಹೊಸೂರು, ಕೃಷ್ಣಗಿರಿ, ಡೆಂಕಣಿಕೋಟೆಗಳ ಸೀಮೆಯಲ್ಲಿ ಬೇಲಿಯ ಬದಿಯಲ್ಲೂ ಸ್ಮಶಾನದ ಅಂಚಿನಲ್ಲೂ ವರ್ಷವಿಡೀ ಅರಳುವ ಗಿಡವೊಂದನ್ನು ಅರಿಯದವರು ವಿರಳ. ಕನ್ನಡದಲ್ಲಿ ಅದು ನಿತ್ಯಪುಷ್ಪ ಅಥವಾ ಕಾಶಿಕಣಗಿಲೆ, ತಮಿಳರಿಗೆ ನಿತ್ಯಕಲ್ಯಾಣಿ, ತೆಲುಗರಿಗೆ ಬಿಳ್ಳಗನ್ನೇರು. ಅದರ ಮೂಲನೆಲೆ ಮಡಗಾಸ್ಕರ್ ದ್ವೀಪ. ಅರ್ಬುದರೋಗಕ್ಕೆ ಇದರ ಎಲೆಯ ರಸವನ್ನು ಕುಡಿಸಬಹುದೇ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ಕೇಳುವುದುಂಟು. ಅದಕ್ಕೆ ಉತ್ತರವಾಗಿ ಈ ಕಿರುಲೇಖನ.

ಅರ್ಬುದದ ಗಂಟು ಒಂದೆರಡು ಮಿಲಿಮೀಟರಿಗಿಂತ ದೊಡ್ಡದಾಗಬೇಕಾದರೆ ಅದಕ್ಕೆ ಸ್ವಂತ ರಕ್ತಪೂರೈಕೆ ಬೇಕು. ಕೆರೆಯಿಂದ ಹೊಲಕ್ಕೆ ಕಾಲುವೆ ತೋಡಿಕೊಳ್ಳುವಂತೆ, ಅದು ರಾಸಾಯನಿಕ ಸಂಕೇತಗಳನ್ನು ಕಳುಹಿಸಿ ನೆರೆಯ ರಕ್ತನಾಳಗಳಿಂದ ಹೊಸ ಕವಲುಗಳನ್ನು ಸೆಳೆದುಕೊಳ್ಳುತ್ತದೆ. ಈ ಕಾಲುವೆಯನ್ನು ಮುಚ್ಚಿದರೆ ಗಂಟಿನ ಬೆಳವಣಿಗೆಯನ್ನು ತಡೆಯಬಹುದೆಂದು ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ಪ್ರತಿಪಾದಿಸಿದರು.

ಅದಕ್ಕೂ ಮುನ್ನ ಕೆನಡಾದಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅವರು ನಿತ್ಯಪುಷ್ಪದ ಎಲೆಯನ್ನು ಮಧುಮೇಹಕ್ಕಾಗಿ ಪರೀಕ್ಷಿಸಿದ್ದರು. ಸಕ್ಕರೆ ಇಳಿಯಲಿಲ್ಲ, ಇಲಿಗಳ ಬಿಳಿ ರಕ್ತಕಣಗಳು ಇಳಿದವು! ಈ ಜಾಡು ಹಿಡಿದು 1958ರ ಹೊತ್ತಿಗೆ ಅವರು ವಿನ್‌ಬ್ಲಾಸ್ಟಿನ್ ಎಂಬ ಔಷಧವನ್ನು ಬೇರ್ಪಡಿಸಿದರು. ಜೀವಕೋಶ ಇಬ್ಭಾಗವಾಗುವಾಗ ನೆರವಾಗುವ ಸೂಕ್ಷ್ಮ ಎಳೆಗಳನ್ನು ಅದು ಕಟ್ಟಗೊಡದು. ಅಲ್ಪಪ್ರಮಾಣದಲ್ಲಿಯೂ ಅದು ರಕ್ತನಾಳಗಳ ಒಳಪದರದ ಕೋಶಗಳನ್ನು ತಡೆಯುವುದೆಂದು ಪ್ರಯೋಗಶಾಲೆಗಳಲ್ಲಿ ಮುಂದೆ ಕಂಡುಬಂದಿತು. ಅರಿಸಿನದ ಕರ್ಕ್ಯುಮಿನ್, ಹಸಿರು ಚಹಾ ಮತ್ತು ಸೋಯಾ ಅವರೆಯ ಕೆಲವು ಅಂಶಗಳೂ ಪ್ರಯೋಗಗಳಲ್ಲಿ ಇಂತಹ ಗುಣವನ್ನು ತೋರಿವೆ. ಆದರೆ ಗಾಜಿನ ತಟ್ಟೆಯಲ್ಲಿ ಕಂಡದ್ದೆಲ್ಲವೂ ರೋಗಿಯ ದೇಹದಲ್ಲಿ ಕಾಣಬೇಕೆಂದಿಲ್ಲ. ನಾವು ತಿಂದ ಅರಿಸಿನದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಅತ್ಯಲ್ಪ.

ಹಾಗಾದರೆ ಎಲೆಯ ರಸವನ್ನು ಕುಡಿಸಬಹುದೇ? ಖಂಡಿತ ಕೂಡದು. ಒಂದು ಗ್ರಾಂ ವಿನ್‌ಬ್ಲಾಸ್ಟಿನ್ ತೆಗೆಯಲು ನೂರಾರು ಕಿಲೋ ಒಣಎಲೆ ಬೇಕು. ಆದರೆ ಹಸಿಎಲೆಯಲ್ಲಿರುವ ಇತರ ವಿಷಾಂಶಗಳು ಹಾನಿಯನ್ನುಂಟುಮಾಡಬಲ್ಲವು. ಶುದ್ಧೀಕರಿಸಿದ ಔಷಧವನ್ನೂ ವೈದ್ಯರು ರಕ್ತಕಣಗಳನ್ನು ಎಣಿಸಿ, ಅಳೆದು, ಅಭಿಧಮನಿಯ ಮೂಲಕ ಮಾತ್ರ ಕೊಡುತ್ತಾರೆ. ಗಾಯ ಮಾಯಲೂ ಗರ್ಭದ ಶಿಶು ಬೆಳೆಯಲೂ ಹೊಸ ರಕ್ತನಾಳಗಳು ಬೇಕೆಂಬುದನ್ನು ಮರೆಯಬಾರದು.

ಎಲ್ಲಕ್ಕಿಂತ ದೊಡ್ಡ ನಷ್ಟ ಕಾಲದ್ದು. ಮದ್ದಿನ ಎಲೆ ಅರೆಯುತ್ತ ತಿಂಗಳುಗಳನ್ನು ಕಳೆದರೆ, ಗುಣವಾಗಬಹುದಾಗಿದ್ದ ರೋಗವೂ ಕೈಮೀರುತ್ತದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ನಮ್ಮ ಹೊಸೂರು ರಸ್ತೆಯಲ್ಲಿಯೇ ಇದೆ. ಚೆನ್ನೈಯ ಅಡ್ಯಾರಿನಲ್ಲಿ 1954ರಿಂದಲೂ ಕ್ಯಾನ್ಸರ್ ಆಸ್ಪತ್ರೆಯಿದೆ. ಮಾಯದ ಹುಣ್ಣಾಗಲಿ ಗಂಟಾಗಲಿ ಕಂಡೊಡನೆ ವೈದ್ಯರಿಗೆ ತೋರಿಸಿರಿ. ಯಾವುದಾದರೂ ನಾಟಿಮದ್ದು ಸೇವಿಸಿದ್ದರೆ ಅದನ್ನೂ ಮುಚ್ಚಿಡದೆ ತಿಳಿಸಿರಿ. ನಿತ್ಯಪುಷ್ಪವು ಅಂಗಳದಲ್ಲಿ ಅರಳುತ್ತಿರಲಿ. ಅದರ ಔಷಧವು ಬಲ್ಲವರ ಕೈಯಿಂದಲೇ ಬರಲಿ.