ಊಟ, ಮಾತು ಮತ್ತು ಉಳಿದ ಜೀವ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ಹಿರಿಯರ ಮಾತು. ಊಟಕ್ಕೂ ಮಾತಿಗೂ ಇರುವುದು ಒಂದೇ ಬಾಯಿ. ಆ ಬಾಯಿಗೇ ಕ್ಯಾನ್ಸರ್ ತಗುಲಿದರೆ, ಶಸ್ತ್ರಚಿಕಿತ್ಸೆಯಿಂದ ಜೀವ ಉಳಿದ ಮೇಲೂ ಬದುಕು ಮೊದಲಿನಂತಾಗುವುದು ಸುಲಭವಲ್ಲ.

ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ ಇದಕ್ಕೊಂದು ನಿದರ್ಶನ. ಸಿಗಾರ್ ಪ್ರಿಯರಾಗಿದ್ದ ಅವರಿಗೆ 1923ರಲ್ಲಿ ಬಾಯಿಯ ಕ್ಯಾನ್ಸರ್ ಪತ್ತೆಯಾಯಿತು. ಅದೇ ವರ್ಷ ವಿಯೆನ್ನಾದ ಶಸ್ತ್ರವೈದ್ಯ ಹಾನ್ಸ್ ಪಿಚ್ಲರ್ ಅವರ ಬಲ ಮೇಲ್ದವಡೆ ಹಾಗೂ ಅಂಗುಳಿನ ಬಹುಭಾಗವನ್ನು ತೆಗೆದರು. ಬಾಯಿಗೂ ಮೂಗಿಗೂ ನಡುವಿನ ಗೋಡೆಯೇ ಇಲ್ಲವಾದ್ದರಿಂದ, ಆ ಕಂಡಿಯನ್ನು ಮುಚ್ಚಲು ದೊಡ್ಡದೊಂದು ಕೃತಕ ದವಡೆ ಕೂರಿಸಲಾಯಿತು. ಮನೆಯಲ್ಲಿ ಅದಕ್ಕೆ ‘ರಾಕ್ಷಸ’ ಎಂಬ ಅಡ್ಡಹೆಸರೇ ಬಿದ್ದಿತ್ತು. ಹಾಕಿಕೊಂಡರೆ ನೋವು, ತೆಗೆದರೆ ಊಟವೂ ಇಲ್ಲ, ಮಾತೂ ಇಲ್ಲ. ಇತರರ ಎದುರು ಉಣ್ಣಲು ಫ್ರಾಯ್ಡ್ ಸಂಕೋಚಪಡುತ್ತಿದ್ದರು. 1930ರಲ್ಲಿ ಗಯಟೆ ಪ್ರಶಸ್ತಿ ಬಂದಾಗ ಫ್ರಾಂಕ್‌ಫರ್ಟಿನಲ್ಲಿ ಅವರ ಭಾಷಣ ಓದಿದವರು ಮಗಳು ಅನ್ನಾ. 1939ರಲ್ಲಿ ತೀರಿಕೊಳ್ಳುವ ವೇಳೆಗೆ ಅವರು ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಿಗೆ ಒಳಗಾಗಿದ್ದರು.

ಇಂದು ಪರಿಸ್ಥಿತಿ ಬಹಳ ಸುಧಾರಿಸಿದೆ. ಮೊಣಕಾಲಿನ ಕೆಳಗೆ ಹೊರಬದಿಯಲ್ಲಿರುವ ಫಿಬುಲಾ ಎಂಬ ತೆಳು ಮೂಳೆಯನ್ನು ರಕ್ತನಾಳಗಳ ಸಮೇತ ತೆಗೆದು, ದವಡೆಯ ಆಕಾರಕ್ಕೆ ತಂದು, ಕತ್ತಿನ ರಕ್ತನಾಳಗಳಿಗೆ ಹೊಲಿಯಲಾಗುತ್ತದೆ. ಕೆಳದವಡೆಗೆ ಈ ವಿಧಾನವನ್ನು 1989ರಲ್ಲಿ ನ್ಯೂಯಾರ್ಕಿನ ಡಾ. ಡೇವಿಡ್ ಹಿಡಾಲ್ಗೊ ವಿವರಿಸಿದರು. ದೇಹದ ಭಾರವನ್ನು ಹೆಚ್ಚಾಗಿ ಪಕ್ಕದ ಟಿಬಿಯಾ ಮೂಳೆಯೇ ಹೊರುವುದರಿಂದ ರೋಗಿ ಮತ್ತೆ ನಡೆಯಬಲ್ಲ. ನಾಲಿಗೆ, ಕೆನ್ನೆಗಳ ಭಾಗ ಹೋದಾಗ ಮುಂಗೈಯ ಚರ್ಮ ಆಸರೆಯಾಗುತ್ತದೆ.

ಆದರೆ ಕಸಿ ಮಾಡಿದ ಚರ್ಮಕ್ಕೆ ರುಚಿ ತಿಳಿಯದು. ನಾಲಿಗೆಯಂತೆ ಹೊರಳಲೂ ಬಾರದು. ವಿಕಿರಣ ಚಿಕಿತ್ಸೆಯಿಂದ ಜೊಲ್ಲು ಬತ್ತುತ್ತದೆ, ಕೆಲವರಿಗೆ ಬಾಯಿ ಪೂರ್ತಿ ತೆರೆಯಲಾಗದು. ಕತ್ತಿನ ಗಂಟುಗಳನ್ನು ತೆಗೆದವರಿಗೆ ಭುಜ ಎತ್ತುವುದೂ ತ್ರಾಸ. ಗಾಯ ಮಾಯ್ದಿದೆ ಎಂದು ವೈದ್ಯರು ಹೇಳಿದರೂ ರೋಗಿಯ ಲೆಕ್ಕವೇ ಬೇರೆ. ಈ ಲೆಕ್ಕವನ್ನು ರೋಗಿಯಿಂದಲೇ ತಿಳಿಯಲೆಂದು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ವೈದ್ಯರು 1993ರಲ್ಲಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಅಗಿಯಬಲ್ಲಿರಾ, ನುಂಗಬಲ್ಲಿರಾ, ನಿಮ್ಮ ಮಾತು ಇತರರಿಗೆ ತಿಳಿಯುತ್ತದೆಯೇ, ಮುಖದ ರೂಪ ನಿಮ್ಮನ್ನು ಬಾಧಿಸುತ್ತದೆಯೇ ಎಂಬಂಥ ಪ್ರಶ್ನೆಗಳು ಅದರಲ್ಲಿವೆ.

ತಂಬಾಕು, ಗುಟ್ಕಾ, ಅಡಿಕೆ ಜಗಿಯುವ ಚಟ ವ್ಯಾಪಕವಾಗಿರುವ ಭಾರತದಲ್ಲಿ ಗಂಡಸರನ್ನು ಅತಿ ಹೆಚ್ಚು ಕಾಡುವ ಕ್ಯಾನ್ಸರ್‌ಗಳ ಸಾಲಿನಲ್ಲಿ ಬಾಯಿಯದೇ ಮುಂದು. ಹೀಗಾಗಿ ಈ ಪ್ರಶ್ನೆಗಳು ನಮ್ಮವೂ ಹೌದು. ನುಂಗುವ ಅಭ್ಯಾಸ, ಮಾತಿನ ತರಬೇತಿ, ಭುಜದ ವ್ಯಾಯಾಮಗಳು ಚಿಕಿತ್ಸೆಯ ಅಂಗಗಳೇ ಹೊರತು ಐಚ್ಛಿಕವಲ್ಲ. ಅವನ್ನು ಬಿಟ್ಟರೆ, ಗುಣವಾದ ವ್ಯಕ್ತಿಯೂ ಮದುವೆಮನೆಯ ಪಂಕ್ತಿಯಿಂದ ದೂರವೇ ಉಳಿದಾನು.