ಯಾರೂ ಮೆಚ್ಚದ ಹಳೆಯ ಕಾರು: ಕೊಳ್ಳಬಹುದೆ?

ಕೊಟ್ಟೂರಿನಲ್ಲಿ ನನ್ನ ಸಹೋದ್ಯೋಗಿಯೊಬ್ಬರಿದ್ದಾರೆ. ಮನೆಯಲ್ಲಿ ವಯಸ್ಸಾದ ತಾಯಿ. ತಿಂಗಳಿಗೆ ಎರಡು ಸಲ ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ಯಬೇಕು. ಬಸ್ಸಿನ ಮೆಟ್ಟಿಲು ಆಕೆಗೆ ಹತ್ತಲಾಗದು. ಪ್ರತಿ ಸಲ ಬಾಡಿಗೆ ಕಾರು ಮಾಡಲು ಸಂಬಳ ಸಾಲದು. ಭವಿಷ್ಯನಿಧಿಯಿಂದ ಮುಂಗಡ ತೆಗೆದು, 2013ರ ವೆರಿಟೊ ಡೀಸೆಲ್ ಕಾರೊಂದನ್ನು ಕೊಳ್ಳಬೇಕೆಂದು ಅವರ ಮನಸ್ಸು. ಹಗರಿಬೊಮ್ಮನಹಳ್ಳಿಯ ಒಬ್ಬರು ಒಂದು ಲಕ್ಷ ಹತ್ತು ಸಾವಿರಕ್ಕೆ ಕೊಡುವುದಾಗಿ ಹೇಳಿದ್ದಾರೆ. "ಸರ್, ಆ ಗಾಡಿ ಯಾರೂ ತಗೊಳ್ಳಲ್ಲಂತ್ರೀ. ಅಗ್ಗ ಅಂತ ಹೋಗಿ ಕೆಡ್ತೀನೇನ್ರೀ?" ಎಂದು ನನ್ನನ್ನು ಕೇಳಿದರು. ಇಂಥ ಪ್ರಶ್ನೆ ತಮ್ಮ ಮನೆಯಲ್ಲಿಯೂ ಎದ್ದಿರಬಹುದು.

ಅಪವಾದ ಎಂಬ ಶಬ್ದಕ್ಕೆ ಜನರ ಮಾತಿನಲ್ಲಿ ನಿಂದೆ ಎಂದರ್ಥ. ವ್ಯಾಕರಣದಲ್ಲಿ ಮಾತ್ರ ಸಾಮಾನ್ಯ ನಿಯಮಕ್ಕೆ ಹೊರತಾದದ್ದು ಎಂದರ್ಥ. ಕಾರಿನ ಮೇಲಿನ ಅಪವಾದ ಈ ಎರಡರಲ್ಲಿ ಯಾವುದೆಂದು ಮೊದಲು ತಿಳಿಯಬೇಕು. ಯಂತ್ರದಲ್ಲಿಯೇ ದೋಷವಿದ್ದು ಜನ ಬಿಟ್ಟರೋ, ಬೇರೆ ಕಾರಣಕ್ಕೆ ಬಿಟ್ಟರೋ?

1985ರಲ್ಲಿ ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ 'ಸ್ಟ್ಯಾಂಡರ್ಡ್ 2000' ಎಂಬ ದೊಡ್ಡ ಕಾರನ್ನು ಹೊರತಂದಿತು. ಮೈಕಟ್ಟು ಇಂಗ್ಲೆಂಡಿನ ರೋವರಿನದು, ಒಳಗಿನ ಎಂಜಿನ್ನು ಬಹಳ ಹಳೆಯ ಕಾಲದ್ದು. ಬೆಲೆಯೂ ಹೆಚ್ಚು, ಇಂಧನದ ಖರ್ಚೂ ಹೆಚ್ಚು. 1988ರ ಹೊತ್ತಿಗೆ ಅದರ ಕಥೆ ಮುಗಿಯಿತು. ಅಲ್ಲಿ ಜನರ ತೀರ್ಪು ಸರಿಯಾಗಿಯೇ ಇತ್ತು.

ವೆರಿಟೊದ ಸಂಗತಿ ಹಾಗಲ್ಲ. ರೊಮೇನಿಯಾದಲ್ಲಿ 2004ರಲ್ಲಿ ಡಾಸಿಯಾ ಲೋಗನ್ ಎಂಬ ಹೆಸರಿನಿಂದ ಹುಟ್ಟಿದ ಕಾರು ಇದು. ಕಡಿಮೆ ಬೆಲೆಗೆ ಗಟ್ಟಿ ಗಾಡಿ ಕೊಡಬೇಕೆಂಬುದು ಅದರ ಉದ್ದೇಶ. ಖರ್ಚು ಉಳಿಸಲು ಎಡಬಲದ ಹೊರಗನ್ನಡಿಗಳಿಗೆ ಒಂದೇ ಅಚ್ಚನ್ನು ಬಳಸಿದರೆಂದರೆ ಆ ಮಿತವ್ಯಯವನ್ನು ಊಹಿಸಿಕೊಳ್ಳಿ. 2007ರಲ್ಲಿ ಮಹೀಂದ್ರ ಮತ್ತು ರೆನೋ ಕಂಪನಿಗಳು ಕೂಡಿ ಅದನ್ನು ನಾಸಿಕದಲ್ಲಿ ತಯಾರಿಸಿದವು. ಆದರೆ 2006ರ ಮುಂಗಡಪತ್ರದಲ್ಲಿ ಕೇಂದ್ರ ಸರ್ಕಾರ ಅಬಕಾರಿ ಸುಂಕವನ್ನು ಇಳಿಸಿದ್ದು ನಾಲ್ಕು ಮೀಟರಿಗಿಂತ ಗಿಡ್ಡ ಕಾರುಗಳಿಗೆ ಮಾತ್ರ. ಲೋಗನ್ ಅದಕ್ಕಿಂತ ಉದ್ದ, ರಿಯಾಯಿತಿ ಕೈತಪ್ಪಿತು. ರೂಪವೂ ಪೆಟ್ಟಿಗೆಯಂತೆ ಚಪ್ಪಟೆ. 2010ರಲ್ಲಿ ರೆನೋ ಪಾಲುದಾರಿಕೆಯಿಂದ ಹೊರಟಿತು, 2011ರಲ್ಲಿ ಹೆಸರು ವೆರಿಟೊ ಎಂದಾಯಿತು. ಬಾಡಿಗೆಗೆ ಓಡಿಸುವವರು ಹೆಚ್ಚಾಗಿ ಕೊಂಡದ್ದರಿಂದ 'ಟ್ಯಾಕ್ಸಿ ಗಾಡಿ' ಎಂಬ ಹಣೆಪಟ್ಟಿ ಬಿತ್ತು. ಟ್ಯಾಕ್ಸಿಯವನು ದಿನವೂ ಲೆಕ್ಕ ಹಾಕುವವನು. ಅವನು ಆರಿಸಿದ್ದು ನಿಂದೆಗೆ ಕಾರಣವಾದದ್ದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಇನ್ನು ಬಿಡಿಭಾಗಗಳ ಮಾತು. ಈ ಕಾರು ಈಗ ತಯಾರಾಗುವುದಿಲ್ಲ. ಆದರೂ ಅದರ 1461 ಸಿ.ಸಿ. ಡೀಸೆಲ್ ಎಂಜಿನ್ನಿನ ಕುಟುಂಬದ್ದೇ ಡಸ್ಟರ್, ನಿಸಾನ್ ಸನ್ನಿ, ಮೈಕ್ರಾ ಡೀಸೆಲ್ ಕಾರುಗಳಲ್ಲಿಯೂ ಇದ್ದದ್ದರಿಂದ ಅದನ್ನು ಬಿಚ್ಚಿ ಬಲ್ಲ ಮೆಕ್ಯಾನಿಕ್ಕುಗಳು ಸಿಗುತ್ತಾರೆ. ತೊಂದರೆ ಬರುವುದು ದೀಪ, ಬಂಪರು, ಬಾಗಿಲ ಗಾಜು ಒಡೆದಾಗ. ಅಂಥವು ಆ ಗಾಡಿಗೇ ಮೀಸಲು. ಹರಪನಹಳ್ಳಿಯಲ್ಲಿಯೋ ಹಡಗಲಿಯಲ್ಲಿಯೋ ಅಂಗಡಿಗೆ ಹೋಗಿ ಕೇಳಿದೊಡನೆ ಸಿಕ್ಕೀತೆಂದು ನಂಬಬೇಡಿ. ಕೊಳ್ಳುವ ಮೊದಲೇ ತಮ್ಮ ಮೆಕ್ಯಾನಿಕ್ಕಿನಿಂದ ಹೊಸಪೇಟೆಗೋ ಹುಬ್ಬಳ್ಳಿಗೋ ಫೋನು ಮಾಡಿಸಿ, ಮುಂದಿನ ದೀಪ ಎಷ್ಟಕ್ಕೆ, ಎಷ್ಟು ದಿನಕ್ಕೆ ಬರುತ್ತದೆಂದು ವಿಚಾರಿಸಿರಿ.

ಮುಖ್ಯವಾದದ್ದು ಟೈಮಿಂಗ್ ಬೆಲ್ಟು. ಈ ಎಂಜಿನ್ನಿನಲ್ಲಿ ವಾಲ್ವುಗಳ ಮತ್ತು ಪಿಸ್ಟನ್ನುಗಳ ತಾಳವನ್ನು ಹೊಂದಿಸುವುದು ಒಂದು ಹಲ್ಲಿನ ರಬ್ಬರ್ ಪಟ್ಟಿ. ಅದು ಕಡಿದರೆ ಪಿಸ್ಟನ್ನು ಮೇಲೇರಿ ತೆರೆದ ವಾಲ್ವಿಗೆ ಬಡಿಯುತ್ತದೆ. ಆಗ ರಿಪೇರಿಯ ಖರ್ಚು ಗಾಡಿಯ ಕ್ರಯದ ಹತ್ತಿರಕ್ಕೇ ಹೋದೀತು. ಗಾಡಿ ಕಡಿಮೆ ಓಡಿದ್ದರೂ ರಬ್ಬರು ವರ್ಷಗಳ ಮೇಲೆ ಹಳಸುತ್ತದೆ. ಬದಲಾಯಿಸಿದ ರಸೀದಿ ಇಲ್ಲವಾದರೆ, ಬದಲಾಯಿಸಿಲ್ಲವೆಂದೇ ತಿಳಿದು ಆ ಖರ್ಚನ್ನು ಕ್ರಯದಿಂದ ಇಳಿಸಿ ಕೇಳಬೇಕು.

ಗಾಡಿ ನೋಡಲು ಬೆಳಗಿನ ಹೊತ್ತಿನಲ್ಲಿಯೇ ಹೋಗಬೇಕು. ಬಾನೆಟ್ಟು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಮಾರುವವರು ಮೊದಲೇ ಚಾಲೂ ಮಾಡಿ ಇಟ್ಟಿದ್ದಾರೆ. ತಣ್ಣಗಿನ ಎಂಜಿನ್ನು ಒಂದೇ ಸಲಕ್ಕೆ ಎದ್ದು, ಹೊಗೆ ಬೇಗ ತಿಳಿಯಾಗಬೇಕು. ನೀಲಿ ಹೊಗೆ ಎಣ್ಣೆ ಉರಿಯುವುದರ ಗುರುತು. ಮೀಟರಿನ ಅಂಕಿಯನ್ನು ತಿರುಗಿಸಬಹುದು. ಸವೆದ ಪೆಡಲಿನ ರಬ್ಬರು, ನುಣುಪಾದ ಸ್ಟಿಯರಿಂಗು ಸುಳ್ಳು ಹೇಳುವುದಿಲ್ಲ. ಟೈರಿನ ಪಕ್ಕದ ನಾಲ್ಕು ಅಂಕಿಯಲ್ಲಿ 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಕೂಡ್ಲಿಗಿಯ ಹೆದ್ದಾರಿಯಲ್ಲಿ ಮಾತ್ರ ಓಡಿಸಿ ನೋಡಿದರೆ ಸಾಲದು. ಹೆದ್ದಾರಿ ಬಿಟ್ಟು ಹಳ್ಳಿಯ ಗುಂಡಿರಸ್ತೆಗೆ ತಿರುಗಿಸಿ. ಗಾಜು ಏರಿಸಿ ರೇಡಿಯೋ ನಿಲ್ಲಿಸಿದರೆ ಕೆಳಗಿನ ಕಟಕಟ ಕೇಳಿಸುತ್ತದೆ.

ಕಾಗದಪತ್ರದ ಲೆಕ್ಕವೂ ಕ್ರಯದ ಭಾಗವೇ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ; ಸಹೋದ್ಯೋಗಿಯ ಗಾಡಿಗೆ 2028ರವರೆಗೆ ಅವಧಿ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹಿಂದೆ 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 5,000 ರೂಪಾಯಿ ಆಯಿತು. ಹಸಿರು ತೆರಿಗೆ ಬೇರೆ. ಹಿಂದೆ ಹಳದಿ ಫಲಕದ ಗಾಡಿಯಾಗಿತ್ತೆ, ಸಾಲದ ನಮೂದು ಉಳಿದಿದೆಯೆ, ದಂಡ ಬಾಕಿ ಇದೆಯೆ ಎಂಬುದನ್ನು ಮುಂಗಡ ಕೊಡುವ ಮೊದಲೇ ನೋಡಿಕೊಳ್ಳಬೇಕು.

ಮರುಮಾರಾಟದ ಭಯವನ್ನು ಎಲ್ಲರೂ ಹೇಳುತ್ತಾರೆ. ಎರಡು ವರ್ಷಕ್ಕೊಮ್ಮೆ ಗಾಡಿ ಬದಲಿಸುವವರಿಗೆ ಅದು ನಿಜವಾದ ನಷ್ಟ. ಅಂಥವರು ಇದನ್ನು ಕೊಳ್ಳಬಾರದು. ನನ್ನ ಸಹೋದ್ಯೋಗಿ ಏಳೆಂಟು ವರ್ಷ ಇಟ್ಟುಕೊಳ್ಳುವವರು. ಬೆಲೆ ಬೀಳುವಷ್ಟು ಮೊದಲಿನ ಯಜಮಾನರ ಕೈಯಲ್ಲಿಯೇ ಬಿದ್ದಾಗಿದೆ. ಆಸನ ಎತ್ತರ, ಹಿಂದೆ ಮೂವರು ಸಲೀಸಾಗಿ ಕೂಡಬಹುದು, 510 ಲೀಟರಿನ ಡಿಕ್ಕಿಯಲ್ಲಿ ಗಾಲಿಕುರ್ಚಿ ಮಡಿಸಿ ಇಡಬಹುದು. ಅವರಿಗೆ ಬೇಕಾದದ್ದು ಇಷ್ಟೆ.

ಬೆಲ್ಟಿನ ರಸೀದಿ ಕೇಳಿದೆವು; ಇರಲಿಲ್ಲ. ತೊಂಬತ್ತೈದು ಸಾವಿರಕ್ಕೆ ಕೊಡುವುದಾದರೆ ಕೊಳ್ಳಿ, ಇಲ್ಲವಾದರೆ ಎದ್ದು ಬನ್ನಿ ಎಂದು ಹೇಳಿದ್ದೇನೆ. ಮಾತು ಮುಗಿದರೆ, ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ವಿಮೆಯನ್ನೂ 14 ದಿನದೊಳಗೆ ತಮ್ಮ ಹೆಸರಿಗೆ ಬದಲಾಯಿಸಿಕೊಳ್ಳಬೇಕು. ತಾಯಿಯ ಮುಂದಿನ ತಪಾಸಣೆ ಬರುವ ಸೋಮವಾರ. ಅಂದು ಮಾತ್ರ ಬಾಡಿಗೆ ಕಾರಿನಲ್ಲಿಯೇ ಹೋಗಿಬನ್ನಿ, ಅವಸರದಲ್ಲಿ ಮುಂಗಡ ಕೊಡಬೇಡಿ ಎಂದೂ ಹೇಳಿದೆ.