ತೊಗರಿ, ತೆಂಗು, ರಾಗಿ: ಇದು ಕೀನ್ಯಾ ತಿಂಡಿ!

ಭಾನುವಾರ ಬಂತೆಂದರೆ ಮನೆಯವರಿಗೆಲ್ಲ ರಜೆ, ನಮಗೆ ಮಾತ್ರ ಕಾವಲಿ ಮುಂದೆ ಡ್ಯೂಟಿ. ಒಬ್ಬೊಬ್ಬರಿಗೂ ಬಿಸಿಬಿಸಿ ದೋಸೆ ಹುಯ್ದು ಕೊಟ್ಟು, ಕೊನೆಗೆ ನಮ್ಮ ಪಾಲಿಗೆ ಆರಿದ ದೋಸೆ, ತಳ ಕಂಡ ಚಟ್ನಿ. ಹೌದೋ ಅಲ್ವೋ ಹೇಳಿ? ಒಂದು ವಾರವಾದರೂ ಎಲ್ಲರ ಜೊತೆ ಕೂತು ತಿನ್ನಬೇಕು ಅನ್ನಿಸಿದರೆ ಕೀನ್ಯಾದ ಕರಾವಳಿಯವರ ತಿಂಡಿ ಮಾಡಿ ನೋಡಿ.

ಹೆಸರು ಕೇಳಿ ಗಾಬರಿಯಾಗಬೇಡಿ. ಮೊಂಬಾಸಾ, ಲಾಮು ಕಡೆ ಬೆಳಗ್ಗೆ ಮಹಾಮ್ರಿ ಜೊತೆ ಮ್‌ಬಾಜಿ ತಿಂತಾರೆ. ಮಹಾಮ್ರಿ ಎಂದರೆ ತೆಂಗಿನಹಾಲು, ಏಲಕ್ಕಿ ಹಾಕಿದ, ದಿಂಬಿನಂತೆ ಉಬ್ಬುವ ತ್ರಿಕೋನದ ಪೂರಿ. ಮ್‌ಬಾಜಿ ಎಂದರೆ ಬೇರೇನೂ ಅಲ್ಲ, ನಮ್ಮ ತೊಗರಿಕಾಳು!

ಅರ್ಧ ಕೆಲಸ ರಾತ್ರಿಯೇ ಮುಗಿಸಿ. 2 ಕಪ್ ಮೈದಾ, 4 ಚಮಚ ಸಕ್ಕರೆ, 1 ಟೀ ಚಮಚ ಇನ್‌ಸ್ಟಂಟ್ ಯೀಸ್ಟ್, ಅರ್ಧ ಟೀ ಚಮಚ ಏಲಕ್ಕಿ ಪುಡಿ, ಚಿಟಿಕೆ ಉಪ್ಪು ಬೆರೆಸಿ. ಉಗುರುಬೆಚ್ಚಗಿನ ತೆಂಗಿನಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಕಲಸಿ, ಮುಕ್ಕಾಲು ಕಪ್ ಬೇಕಾಗಬಹುದು. ಹತ್ತು ನಿಮಿಷ ಚೆನ್ನಾಗಿ ನಾದಬೇಕು, ಇಲ್ಲಿ ಸೋಮಾರಿತನ ಮಾಡಿದರೆ ಉಬ್ಬೋದಿಲ್ಲ. ದೊಡ್ಡ ಡಬ್ಬಿಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿಡಿ. 1 ಕಪ್ ಒಣ ತೊಗರಿಕಾಳನ್ನೂ ನೆನೆಹಾಕಿ. ಬೇಳೆ ಅಲ್ಲ, ಇಡೀ ಕಾಳು. ಚಳಿಗಾಲದಲ್ಲಿ ಹಸಿಕಾಳು ಸಿಕ್ಕರಂತೂ ನೆನೆಸುವುದೇ ಬೇಡ.

ಬೆಳಗ್ಗೆ ಹಿಟ್ಟನ್ನು ಹೊರಗಿಟ್ಟು, ಕಾಳನ್ನು ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಹೆಚ್ಚಿದ ಈರುಳ್ಳಿ, ಸೀಳಿದ ಹಸಿಮೆಣಸು, ಅರಿಶಿನ, ಉಪ್ಪು, ಎರಡನೇ ಸಲ ಹಿಂಡಿದ ತೆಳು ತೆಂಗಿನಹಾಲು ಹಾಕಿ ಕುದಿಸಿ. ಈರುಳ್ಳಿ ಬೆಂದ ಮೇಲೆ ಗಟ್ಟಿಹಾಲು ಸೇರಿಸಿ ಸಣ್ಣ ಉರಿಯಲ್ಲಿಡಿ. ಜೋರಾಗಿ ಕುದಿಸಿದರೆ ಒಡೆದುಹೋಗುತ್ತೆ, ಹುಷಾರು. ಸಾಸಿವೆ ಒಗ್ಗರಣೆಗೆ ಕೈ ತುರಿಸುತ್ತೆ, ಗೊತ್ತು. ಇವತ್ತೊಂದಿನ ಬೇಡ, ತೆಂಗಿನ ರುಚಿಯೇ ಮುಂದಿರಲಿ.

ಹಿಟ್ಟನ್ನು 4 ಉಂಡೆ ಮಾಡಿ, ಚಪಾತಿಗಿಂತ ದಪ್ಪಗೆ ಲಟ್ಟಿಸಿ ನಾಲ್ಕು ಭಾಗ ಕತ್ತರಿಸಿ. ಕಾಲು ಗಂಟೆ ಬಿಟ್ಟು ಮಧ್ಯಮ ಉರಿಯಲ್ಲಿ, ಮೇಲೆ ಎಣ್ಣೆ ಚಿಮುಕಿಸುತ್ತಾ ಕರಿಯಿರಿ. ನಮ್ಮ ಪೂರಿಯಂತೆ ಬಾಣಲೆಯಿಂದ ನೇರ ತಟ್ಟೆಗೇ ಬರಬೇಕೆಂಬ ಹಠ ಇದಕ್ಕಿಲ್ಲ. ಸ್ವಲ್ಪ ಆರಿದರೂ ಮೆತ್ತಗೇ ಇರುತ್ತೆ. ಹದಿನಾರೂ ಕರಿದಿಟ್ಟು ಗ್ಯಾಸ್ ಆರಿಸಿ ನೀವೂ ಬಂದು ಕೂರಬಹುದು.

ಕರಿದದ್ದು ಬೇಡವೆನ್ನುವ ಹಿರಿಯರಿಗೆ ಗೆಣಸು, ಕೆಸುವಿನ ಗೆಡ್ಡೆ ಬೇಯಿಸಿಡಿ. ಕೀನ್ಯಾದಲ್ಲಿ ಚಹಾದ ಜೊತೆ ಇವನ್ನೂ ತಿಂತಾರೆ. ಅಲ್ಲಿ ಕೆಸುವಿನ ಗೆಡ್ಡೆಗೆ ಇಂಗ್ಲಿಷಿನಲ್ಲಿ ಆರೋರೂಟ್ ಅಂತ ಯಾಕೆ ಕರೀತಾರೋ! ಚಹಾಕ್ಕೆ ಮಾತ್ರ ಅವರೂ ‘ಚಾಯ್’ ಅಂತಲೇ ಅನ್ನೋದು. 1896ರಲ್ಲಿ ಮೊಂಬಾಸಾದಿಂದ ರೈಲುಹಳಿ ಹಾಕಲು ಶುರುವಾದಾಗ ನಮ್ಮ ದೇಶದಿಂದ ಸಾವಿರಾರು ಕೂಲಿಗಳು ಹೋಗಿದ್ದರು. ಅಲ್ಲಿನ ಮನೆಗಳಲ್ಲಿ ಚಪಾತಿ ಇವತ್ತಿಗೂ ಚಪಾತಿಯೇ.

ನಾವೂ ಅವರಿಂದ ಪಡೆದದ್ದುಂಟು. ರಾಗಿಯ ತವರು ಪೂರ್ವ ಆಫ್ರಿಕಾ. ಅವರ ‘ಉಜಿ’ ನಮ್ಮ ಗಂಜಿಯ ಅಕ್ಕ. 4 ಚಮಚ ರಾಗಿಹಿಟ್ಟನ್ನು 1 ಕಪ್ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ 3 ಕಪ್ ನೀರಿಗೆ ಸುರಿದು ಹತ್ತು ನಿಮಿಷ ಕೈಯಾಡಿಸಿ. ಇಳಿಸಿ ಸಕ್ಕರೆ, ನಿಂಬೆರಸ ಹಾಕಿ. ನಿಂಬೆ ಹಾಕಿದ ಮೇಲೆ ಹಾಲು ಸೇರಿಸಬೇಡಿ. ರಾಗಿಗಂಜಿ ಲೋಟವನ್ನು ದಿನಾ ದೂರ ತಳ್ಳುತ್ತಿದ್ದ ನನ್ನ ಮಗಳು, ಹುಳಿಹುಳಿ ಉಜಿ ಎಂದ ಕೂಡಲೇ ಗಟಗಟ ಕುಡಿದಳು. ಅದು ರಾಗಿ ಅಂತ ನಾನಿನ್ನೂ ಹೇಳಿಲ್ಲ.